ಮೂರಾಳು ಬಾವಿ

ಫೆಬ್ರವರಿ ೧೧, ಮಂಗಳವಾರ

ಟ್ರಕ್ಕು ಎರಡು ಸಲ ಮರಳಲ್ಲಿ ಹೂತು, ತಳ್ಳಿ ತಳ್ಳಿ ಎಲ್ಲರ ಭುಜ ಕಿತ್ತುಬಂದ ಮೇಲೆ ನಕೊರೆತ್ ತಲುಪಿದೆವು. ಹೊಳೆದಂಡೆಯ ಜಾಲಿಮರಗಳ ಕೆಳಗೆ ಡೇರೆ ಹಾಕಿದ್ದೇವೆ. ಪಾಸ್ಟರ್ ಮುತಿಸೊ ತಂಡದ ಮುಖ್ಯಸ್ಥರು, ಕೆರುಬೊ ನರ್ಸು, ಉಳಿದವರು ಹಾಡುವ ಹುಡುಗ ಹುಡುಗಿಯರು. ಎಲ್ಲರೂ ನೈರೋಬಿಯವರು. ನಾನು ಅನುವಾದಕಿ. ಹುಟ್ಟಿದ್ದು ಇಲ್ಲೇ ಮೇಲಿನ ಹಟ್ಟಿಯಲ್ಲಿ. ಆರನೇ ವಯಸ್ಸಿಗೆ ಮಿಷನ್ ಹಾಸ್ಟೆಲ್ಲು ಸೇರಿದೆ, ಆಮೇಲೆ ನನ್ನ ಊರು ಅದೇ.

ಹಟ್ಟಿಯವರು 'ಕೀನ್ಯಾದಿಂದ ಬಂದರು' ಎಂದು ಮಕ್ಕಳಿಗೆ ನಮ್ಮನ್ನು ತೋರಿಸುತ್ತಿದ್ದರು. ಇದೂ ಕೀನ್ಯಾವೇ ಎಂದು ಇವರಿಗೆ ಎಷ್ಟು ಸಲ ಹೇಳುವುದು? ಸಿಟ್ಟು ಬಂತು. ಆದರೆ ಇವರ ತಪ್ಪೇನಿದೆ? ಓಟಿನ ಪೆಟ್ಟಿಗೆ ಹೊತ್ತ ಜೀಪಿಗೆ ಇಲ್ಲಿಗೆ ದಾರಿ ಗೊತ್ತು. ನೀರಿನ ಟ್ಯಾಂಕರಿಗೆ ಗೊತ್ತಿಲ್ಲ.

ಒಣಗಿದ ಹೊಳೆಯ ಮರಳಲ್ಲಿದ್ದ ಬಾವಿಗಳೆಲ್ಲ ಬತ್ತಿ ಈಗ ನೀರು ಕೊಡುತ್ತಿರುವುದು ಒಂದೇ, ನನ್ನ ದೊಡ್ಡವ್ವ ಅಟಾಬೋ ತನ್ನವರನ್ನು ಕಟ್ಟಿಕೊಂಡು ತೋಡಿದ್ದು. ಮೂರಾಳು ಬಾವಿ. ತಳದಲ್ಲೊಬ್ಬಳು, ನಡುವಿನ ಮೆಟ್ಟಿನಲ್ಲೊಬ್ಬಳು, ಬಾಯಲ್ಲೊಬ್ಬಳು ನಿಂತು ಕೈಯಿಂದ ಕೈಗೆ ಡಬ್ಬ ದಾಟಿಸಬೇಕು. ಕ್ರಿಸ್ಮಸ್ ಹೊತ್ತಿಗೆ ಎರಡಾಳು ಇತ್ತಂತೆ. ಮಳೆ ಏಪ್ರಿಲ್‌ನಲ್ಲಿ. ಬಂದರೆ.

ದೊಡ್ಡವ್ವ ಪಾಸ್ಟರ್ ಹಣೆಗೆ ಹೊಗೆಸೊಪ್ಪಿನ ಉಗುಳು ಸಿಂಪಡಿಸಿ ಹರಸಿದಳು. ಪಾಸ್ಟರ್ ಕರವಸ್ತ್ರ ತೆಗೆದು ಒರೆಸಿಕೊಂಡರು. ಹೆಂಗಸರು ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ. ನನಗೆ ಹೆದರಿಕೆ. ನಮ್ಮ ಚರ್ಚಿನ ಸಭೆ ಮಕ್ಕಳ ಗಂಜಿಮನೆಯೊಂದನ್ನು ಕಾಯಂ ಆಗಿ ನಡೆಸುತ್ತದಂತೆ. ಇಲ್ಲೋ, ಸರೋವರದ ದಂಡೆಯಲ್ಲೋ? ಈ ಸಲ ಎಲ್ಲಿ ಹೆಚ್ಚು ಜನ ದೀಕ್ಷಾಸ್ನಾನ ಪಡೆಯುತ್ತಾರೋ ಅಲ್ಲಿ. ಸರೋವರದ ಕಡೆ ನೀರಿಗೇನು ಬರ? ಕಾಡಿ ಬೇಡಿ ತಂಡವನ್ನು ಇಲ್ಲಿಗೆ ತಂದವಳು ನಾನು. ಬರಿಗೈಯಲ್ಲಿ ವಾಪಸಾದರೆ ಕೇಳುವುದು ನನ್ನನ್ನೇ.

ಫೆಬ್ರವರಿ ೧೩, ಗುರುವಾರ

ಕೆರುಬೊ ಇವತ್ತು ಮಕ್ಕಳ ತೋಳಿಗೆ ಬಣ್ಣದ ಪಟ್ಟಿ ಸುತ್ತಿ ಅಳೆದಳು. ಹಸಿರು ಬಂದರೆ ಸರಿ, ಹಳದಿ ಬಂದರೆ ಎಚ್ಚರ, ಕೆಂಪು ಬಂದರೆ ಮಗು ಕೈತಪ್ಪುತ್ತಿದೆ ಎಂದರ್ಥ. ದೊಡ್ಡವ್ವನ ಮೊಮ್ಮಗಳು ಅರುಪೆಗೆ ಕೆಂಪು. ಎರಡು ವರ್ಷದ ಕೂಸು, ತೋಳು ನನ್ನ ಹೆಬ್ಬೆರಳಿನಷ್ಟು. ಅವಳವ್ವ ಆಡು ಒಂಟೆ ಹೊಡೆದುಕೊಂಡು ಬೆಟ್ಟದ ಕಡೆ ಹೋಗಿದ್ದಾಳೆ. ಹಾಲು ಪ್ರಾಣಿಗಳ ಜೊತೆ ಹೋಯಿತು, ಕೂಸು ಅಜ್ಜಿಯ ಜೊತೆ ಉಳಿಯಿತು.

ಗಂಜಿ ಕುಡಿಸಿದೆವು. ಅರುಪೆ ಲೋಟ ನೆಕ್ಕಿ, ಲೋಟದ ಹಿಂಬದಿಯನ್ನೂ ನೆಕ್ಕಿದಳು. ದೊಡ್ಡವ್ವ ಉಳಿದದ್ದಕ್ಕೆ ಬೆರಳಿಟ್ಟು ರುಚಿ ನೋಡಿ, "ನಿಮ್ ದೇವ್ರು ಸಕ್ರೆ ಜಾಸ್ತಿ ಹಾಕ್ತಾನೆ ಕಣೆ. ಒಳ್ಳೆಯೋನೇ ಇರ್ಬೇಕು" ಅಂದಳು.

ಈ ಗಂಜಿ ಇಲ್ಲಿ ನಿಲ್ಲಬೇಕು. ಏನಾದರಾಗಲಿ ನಿಲ್ಲಬೇಕು. ಇವರಿಗೆ ಇದರ ಬೆಲೆ ಗೊತ್ತಿಲ್ಲ, ನನಗೆ ಗೊತ್ತು. ನಾನು ಬದುಕಿದ್ದೇ ಇಂಥ ಗಂಜಿಯಿಂದ.

ಫೆಬ್ರವರಿ ೧೬, ಭಾನುವಾರ

ಮರದಡಿ ಆರಾಧನೆ. ದೀಕ್ಷಾಸ್ನಾನಕ್ಕೆ ಯಾರು ಸಿದ್ಧ ಎಂದು ಪಾಸ್ಟರ್ ಕೇಳಿದಾಗ ಕೈಗಳು ಎದ್ದವೋ ಎದ್ದವು. ಒಂಟೆ ಕಾಯುವ ಮುದುಕ ಲೊಕೆಯುನ್ ಎರಡೂ ಕೈ ಎತ್ತಿ, "ಗಂಜಿ ಕೊಡೋ ದೇವ್ರಿಗೆ ಕೈ ಎತ್ತೋಕೇನು ಕಷ್ಟ? ಬೇಕಾದ್ರೆ ಒಂಟೇದೂ ಎತ್ತಿಸ್ತೀನಿ" ಅಂದ. ಏನಂತೆ ಎಂದು ಪಾಸ್ಟರ್ ಕೇಳಿದರು. ಮನೆಮಂದಿಯನ್ನೂ ಕರೆತರುತ್ತಾರಂತೆ ಎಂದೆ.

ನಮ್ಮ ಸಭೆಯಲ್ಲಿ ತಲೆಗೆ ನೀರು ಚಿಮುಕಿಸಿದರೆ ಸಾಲದು. ಆಳು ಪೂರಾ ಮುಳುಗಬೇಕು, ಹೂತು ಎದ್ದ ಹಾಗೆ. ಬರುವ ಭಾನುವಾರಕ್ಕೆ ಮರಳಲ್ಲಿ ಗುಂಡಿ ತೋಡಿ, ಟಾರ್ಪಾಲು ಹಾಸಿ, ಬಾವಿಗೆ ಪಂಪು ಇಳಿಸಿ ತುಂಬಿಸುವುದೆಂದು ಪಾಸ್ಟರ್ ತೀರ್ಮಾನಿಸಿದರು. ಪಂಪು ಟ್ರಕ್ಕಿನಲ್ಲೇ ಬಂದಿದೆ. ನನಗೆ ಗೊತ್ತೇ ಇರಲಿಲ್ಲ.

ಫೆಬ್ರವರಿ ೧೭, ಸೋಮವಾರ

ಪಾಸ್ಟರ್ ಬಾವಿಯ ಹತ್ತಿರ ಹೋದರು, ಜೊತೆಗೆ ನಾನು. ದೊಡ್ಡವ್ವ ಬಾಯಲ್ಲಿ ನಿಂತು ಡಬ್ಬ ಎತ್ತಿಕೊಳ್ಳುತ್ತಿದ್ದಳು. ಪಾಸ್ಟರ್ ನಿಂತುಕೊಂಡೇ, ತುಂಬ ಮರ್ಯಾದೆಯಿಂದಲೇ, "ತಾಯಿ, ನಮಗೆ ನೀರು ಕೊಡ್ತೀರಾ?" ಎಂದು ಕೇಳಿದರು. ನಾನು ಅದನ್ನೇ ನಮ್ಮ ಮಾತಲ್ಲಿ ಕೇಳಿದೆ. ದೊಡ್ಡವ್ವ ತಲೆ ಎತ್ತಲೂ ಇಲ್ಲ. "ತಗೊಳ್ಳಿ" ಅಂದಳು. ಪಾಸ್ಟರ್ ಮುಖ ಅರಳಿತು. ನನ್ನ ಹೆಗಲು ತಟ್ಟಿದರು.

ಈ ಹೊಳೆಯಲ್ಲಿ ನೀರು ಕೇಳಿದವರಿಗೆ ಯಾರೂ ಇಲ್ಲ ಅನ್ನುವುದಿಲ್ಲ. ನಿನ್ನೆ ನಮ್ಮ ಒಂಟೆ ಕದ್ದವನು ಇವತ್ತು ಬಾಯಾರಿ ಬಂದರೂ ಮೊದಲು ನೀರು, ಆಮೇಲೆ ಜಗಳ. ಬಾವಿಯನ್ನೇ ಕೇಳುವುದಾದರೆ ದಾರಿ ಬೇರೆ. ಹೊಗೆಸೊಪ್ಪು ತರಬೇಕು, ಮರದಡಿ ಕೂರಬೇಕು, ಆ ಬಾವಿ ತೋಡಿದವರೆಲ್ಲ ಬರುವ ತನಕ ಕಾಯಬೇಕು. ಕೇಳುವವರು ಒಂದು ಕಡೆ, ಕೊಡುವವರು ಇನ್ನೊಂದು ಕಡೆ. ದಿನವೆಲ್ಲ ಹಿಡಿದರೂ ಹಿಡಿಯಿತು.

ಪಾಸ್ಟರ್ ಕೇಳಿದ್ದು ಬಾವಿ, ದೊಡ್ಡವ್ವ ಕೊಟ್ಟದ್ದು ಒಂದು ಲೋಟ ನೀರು. ನನಗೆ ಅಲ್ಲೇ ಗೊತ್ತಾಯಿತು. ಸುಮ್ಮನಿದ್ದೆ. ನಾನು ಅನುವಾದಕಿ, ಕೇಳಿದ್ದನ್ನು ದಾಟಿಸಿದೆ, ಅಷ್ಟೇ. ಒಂದು ದಿನ ನೀರೆಳೆದರೆ ಬಾವಿಗೇನಾಗುತ್ತದೆ? ಗಂಜಿಮನೆ ಬರುತ್ತದೆ. ಅರುಪೆಗೆ ಗಂಜಿ ಸಿಗುತ್ತದೆ. ಅಷ್ಟೇ.

ಫೆಬ್ರವರಿ ೧೮, ಮಂಗಳವಾರ

ಹುಡುಗರು ಹಾಡುತ್ತ ಗುಂಡಿ ತೋಡಿದರು. ನೀಲಿ ಟಾರ್ಪಾಲು ಹಾಸಿ ಅಂಚಿಗೆ ಕಲ್ಲು ಹೇರಿದರು. ದೊಡ್ಡವ್ವ ಅರುಪೆಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಸುತ್ತ ನಡೆದು ನೋಡಿ, ಮೇಕೆಗೆ ಔಷಧಿ ಅದ್ದುವ ತೊಟ್ಟಿಯೇನೇ ಇದು ಎಂದು ಕೇಳಿದಳು. ನಾನು ಹೇಳಿದೆ, ಇದು ಜನರಿಗೆ ಎಂದು. ಜನರಿಗೂ ಉಣ್ಣೆ ಹುಳ ಹತ್ತಿದೆಯಾ ಎಂದು ನಕ್ಕಳು. ಆಮೇಲೆ ಪಂಪಿನ ಪೈಪು ಕಣ್ಣಿಗೆ ಬಿತ್ತು. ಪೈಪು ಹೋಗುತ್ತಿದ್ದ ದಿಕ್ಕು ಕಣ್ಣಿಗೆ ಬಿತ್ತು. ನಗು ನಿಂತಿತು.

"ನನ್ನ ಯಾರೂ ಕೇಳ್ಲಿಲ್ವಲ್ಲೇ."

"ಕೇಳಿದ್ರಲ್ಲ ದೊಡ್ಡವ್ವ. ನೀನೇ ತಗೊಳ್ಳಿ ಅಂದೆ."

"ಬಾಯಾರ್ದೋರಿಗೆ ಅಂದೆ ಕಣೆ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಾಗಾದರೆ ಹೋಗಿ ಬೇಡ ಅಂತ ಹೇಳು ಎಂದೆ, ಜೋರಾಗಿಯೇ ಎಂದೆ. ಅವಳು ನನ್ನನ್ನೇ ನೋಡಿದಳು. "ಹಾಸ್ಟೆಲ್ನಲ್ಲಿ ಇದೂ ಮರ್ತೋಯ್ತಾ? ಕೊಟ್ಟೋಳು ವಾಪಸ್ ಇಸ್ಕೊಳ್ಳಂಗಿಲ್ಲ. ಇಸ್ಕೊಂಡ್ರೆ ಬಾವಿ ಮುನಿಸ್ಕೊಳ್ತದೆ. ಕೇಳ್ದೋರೇ ಬಂದು, ನಾವು ಕೇಳ್ಲಿಲ್ಲ ಅನ್ಬೇಕು."

ಕೇಳಿದವರು ಯಾರು? ಪಾಸ್ಟರ್. ಪಾಸ್ಟರ್ ಬಾಯಿ ಯಾರು?

ಫೆಬ್ರವರಿ ೧೯, ಬುಧವಾರ

ಪಂಪು ನಡೆಯುತ್ತದೋ ಇಲ್ಲವೋ ನೋಡೋಣ ಎಂದು ಸ್ವಲ್ಪ ಹೊತ್ತು ಓಡಿಸಿದರು. ನೀರು ಕೆಂಪಗೆ, ಮರಳು ಮರಳಾಗಿ ಬಂತು. ಟಾರ್ಪಾಲಿನ ತಳ ಮುಚ್ಚುವಷ್ಟೂ ಆಗಲಿಲ್ಲ. ಸಂಜೆಗೆ ಹೆಂಗಸರು ಇಳಿದರೆ ನಡುವಿನವಳ ಕೈ ತಳದವಳಿಗೆ ಎಟುಕುತ್ತಿಲ್ಲ. ಇನ್ನೊಬ್ಬಳನ್ನು ಇಳಿಸಬೇಕಾಯಿತು.

ನಾಲ್ಕಾಳು.

ಫೆಬ್ರವರಿ ೨೦, ಗುರುವಾರ

ಬೆಳಿಗ್ಗೆಯೇ ಪಾಸ್ಟರ್ ಡೇರೆಗೆ ಹೋದೆ. ಅವರ ಕಾಲು ತುಂಬ ಬೊಬ್ಬೆ, ಕೆರುಬೊ ಮುಲಾಮು ಹಚ್ಚುತ್ತಿದ್ದಳು. ತಮ್ಮ ಪಾಲಿನ ಕುಡಿಯುವ ನೀರಲ್ಲಿ ಅರ್ಧವನ್ನು ಅವರು ದಿನಾ ಮುದುಕಿಯರಿಗೆ ಕೊಟ್ಟುಬಿಡುತ್ತಾರೆ, ಅದೂ ನನಗೆ ಗೊತ್ತು. ಕೆಟ್ಟವರಾಗಿದ್ದರೆ ನನ್ನ ಕೆಲಸ ಸುಲಭವಿತ್ತು.

ಬಾವಿ ಇಳಿದಿದೆ, ಭಾನುವಾರಕ್ಕೆಂದು ಹೀಗೇ ಎಳೆದರೆ ಗೋಡೆಯ ಮರಳು ಜಾರುತ್ತದೆ ಎಂದೆ. ಕೈಯಲ್ಲಿ ಸೇದಿದಷ್ಟಕ್ಕೆ ಒಳಗೆ ಮತ್ತೆ ಊರುತ್ತದೆ, ಪಂಪಿಗೆ ಊರುವುದಿಲ್ಲ ಎಂದೆ. ಅವರು ಕೇಳಿಸಿಕೊಂಡರು. ಟ್ಯಾಂಕರು ಜಿಲ್ಲಾ ಪಟ್ಟಣ ಲೊಡ್ವಾರ್‌ನಿಂದ ಬರುವಷ್ಟರಲ್ಲಿ ಹೊರಡುವ ದಿನ ದಾಟುತ್ತದೆ ಎಂದರು. ಇಲ್ಲಿನವರು ಬಾಯಿತುಂಬ ನೀರು ಹಿಡಿದು ಉಗುಳಿ ಹರಸುತ್ತಾರಲ್ಲ, ಹಾಗೆ ಮಾಡಿದರೆ ಒಂದು ಡಬ್ಬದಲ್ಲಿ ಹಟ್ಟಿ ಪೂರಾ ಮುಗಿಯುತ್ತದೆ ಎಂದು ನಾನು ಹೇಳಿದೆ. ಅವರಿಗೆ ನಗು ಬಂತು, ನನಗೂ ಬಂತು, ಇಬ್ಬರೂ ನಗಲಿಲ್ಲ. ಊರಲ್ಲಿ ಸಭೆಯವರು ಕೇಳುವುದು ಎಷ್ಟು ಜನ ನೀರಿಗಿಳಿದರು ಎಂದು, ಎಷ್ಟು ಜನರ ಮೇಲೆ ಉಗುಳಿದಿರಿ ಎಂದಲ್ಲ ಎಂದರು.

ಆಮೇಲೆ ನೇರವಾಗಿ ನನ್ನ ಮುಖ ನೋಡಿ, "ಆ ತಾಯಿ ಒಪ್ಪಿದರು ಅಂತ ನೀವೇ ಹೇಳಿದ್ರಿ. ಅನುವಾದದಲ್ಲಿ ತಪ್ಪಾಯ್ತಾ?" ಎಂದರು.

ಇಲ್ಲ ಎಂದೆ.

ಯಾಕೆ ಹಾಗಂದೆ? ಮಾತಿಗೆ ಮಾತು ಸರಿಯಾಗಿಯೇ ಇತ್ತಲ್ಲ. ಹೂಂ ಅಂದಿದ್ದರೆ ಟ್ರಕ್ಕು ಇವತ್ತೇ ಸರೋವರದ ದಾರಿ ಹಿಡಿಯುತ್ತಿತ್ತು. ಅರುಪೆಯ ತೋಳು ಕಣ್ಣ ಮುಂದೆ ಬರುತ್ತದೆ. ಬಾವಿಯೂ ಕಣ್ಣ ಮುಂದೆ ಬರುತ್ತದೆ. ಹಸಿವಾದರೆ ನೀರು ಮಾರು, ಬಾಯಾರಿದರೆ ಗಂಜಿ ಬಿಡು, ಎರಡೂ ಒಟ್ಟಿಗೆ ನಿನಗಿಲ್ಲ! ಯಾರು ಮಾಡಿದ ಲೆಕ್ಕ ಇದು? ನೈರೋಬಿಯಲ್ಲಿ ಒಂದು ಮಗುವಿಗೆ ಗಂಜಿ ಕೊಡಲು ಅದರವ್ವ ನೀರಲ್ಲಿ ಮುಳುಗಿ ತೋರಿಸಬೇಕಾ?

ಯೇಸುವೇ, ನೀನೂ ಬಿಸಿಲಲ್ಲಿ ದಣಿದು ಬಾವಿಯ ಹತ್ತಿರ ಕೂತು ಒಬ್ಬ ಹೆಂಗಸಿನ ಕೈಲಿ ನೀರು ಕೇಳಿದವನು. ಕೂತು ಕೇಳಿದೆ. ಪಂಪು ಇಳಿಸಲಿಲ್ಲ.

ಫೆಬ್ರವರಿ ೨೧, ಶುಕ್ರವಾರ

ಊಟ ಸೇರಲಿಲ್ಲ. ಬಾವಿಯ ಕಡೆ ಹೋಗಲಿಲ್ಲ. ಲೊಕೆಯುನ್ ದಾರಿಯಲ್ಲಿ ಸಿಕ್ಕು, "ನೀರು ಕಮ್ಮಿ ಕುಡಿಯೋ ದೇವ್ರು ಇಲ್ವೇನವ್ವಾ ನಿಮ್ಮತ್ರ? ಒಂಟೆ ಥರದೋನು?" ಅಂದ.

ಫೆಬ್ರವರಿ ೨೨, ಶನಿವಾರ

ಬರೆದುಬಿಡುತ್ತೇನೆ, ಇಲ್ಲದಿದ್ದರೆ ನಾಳೆ ಬೇರೆ ಥರ ನೆನಪಾಗುತ್ತದೆ.

ಗುಂಡಿ ತುಂಬಿಸಲು ಬೆಳಿಗ್ಗೆ ಪಂಪು ಹೊತ್ತು ತಂದರು. ಹೆಂಗಸರು ಡಬ್ಬ ಇಟ್ಟುಕೊಂಡು ಸಾಲಾಗಿ ಕೂತಿದ್ದರು. ಅವರ ಹಿಂದೆ ಆಡುಗಳು ಮೂತಿ ಎತ್ತಿ ನಿಂತಿದ್ದವು, ಕಿರುಚಲೂ ತ್ರಾಣವಿಲ್ಲ. ಒಬ್ಬರೂ ಎದ್ದು ಅಡ್ಡ ಬರಲಿಲ್ಲ. ತಳದಲ್ಲಿದ್ದವಳನ್ನು ಮೇಲೆ ಬಾ ಎಂದು ಕರೆದು ಜಾಗ ಬಿಟ್ಟುಕೊಟ್ಟರು. ಕೊಟ್ಟ ಮಾತು ಎಂದರೆ ಇಷ್ಟು. ದೊಡ್ಡವ್ವ ಅರುಪೆಯ ತಲೆಗೆ ಸೆರಗು ಮುಚ್ಚಿ ಮರಳ ಮೇಲೆ ಕೂತಿದ್ದಳು, ನನ್ನ ಕಡೆ ನೋಡಲೇ ಇಲ್ಲ.

ಒಬ್ಬ ಹುಡುಗ ಪೈಪು ಬಾವಿಗೆ ಇಳಿಬಿಟ್ಟ. ಪಾಸ್ಟರ್ ಪ್ರಾರ್ಥಿಸಿ ಪಂಪಿನ ಹಗ್ಗ ಹಿಡಿದರು. ನಾನು ಆ ಪ್ರಾರ್ಥನೆಯನ್ನು ಅನುವಾದಿಸಬೇಕಿತ್ತು. ನೀನು ಒದಗಿಸಿದ ಈ ನೀರಿಗಾಗಿ ಎಂದು ಶುರು. ನನ್ನ ಬಾಯಿಂದ ಅದು ಹೊರಡಲಿಲ್ಲ. ಹೊರಟದ್ದು ಇನ್ನೊಂದು.

"ದೊಡ್ಡವ್ವ, ನಾವು ಕೇಳ್ಲಿಲ್ಲ."

ಹೆಂಗಸರ ಸಾಲು ತಟ್ಟನೆ ನನ್ನ ಕಡೆ ತಿರುಗಿತು. ದೊಡ್ಡವ್ವ ಎದ್ದು ನಿಂತಳು. ಎಲ್ಲರಿಗೂ ಕೇಳುವ ಹಾಗೆ ಮತ್ತೊಂದು ಸಲ ಹೇಳು ಎಂದಳು. ಹೇಳಿದೆ. ಗಂಟಲು ಬಿರಿಯುವ ಹಾಗೆ ಹೇಳಿದೆ.

"ಕೇಳ್ದೇ ಇದ್ಮೇಲೆ ನಾನೂ ಕೊಟ್ಟಿಲ್ಲ" ಅಂದಳು.

ಅಷ್ಟೇ. ತಳದವಳು ಪೈಪನ್ನು ಮೇಲಕ್ಕೆಳೆದು ಹಾಕಿ ಮತ್ತೆ ಬಾವಿಗಿಳಿದಳು.

ಪಾಸ್ಟರ್ ಹಗ್ಗ ಹಿಡಿದೇ ನಿಂತಿದ್ದರು. ಏನು ನಡೆಯಿತು ಎಂದು ಕೇಳಿದರು. ಒಂದನ್ನೂ ಬಿಡದೆ ಹೇಳಿದೆ, ಸೋಮವಾರದ್ದು, ಗುರುವಾರದ್ದು, ನನ್ನ 'ಇಲ್ಲ'. ಅವರ ಮುಖ ಬೂದಿಯಾಯಿತು. ನನ್ನನ್ನು ಬೈಯುತ್ತಾರೆ ಎಂದುಕೊಂಡೆ. "ಅಸೆಕೋನ್, ಐದು ದಿನ ನಾನು ಕದ್ದ ನೀರಿನ ಮೇಲೆ ಪ್ರಾರ್ಥನೆ ಮಾಡ್ತಿದ್ದೆ. ನೀವು ಪಕ್ಕದಲ್ಲೇ ನಿಂತಿದ್ರಿ" ಎಂದರು. ಬೈದದ್ದಕ್ಕಿಂತ ಹೆಚ್ಚಾಯಿತು.

ಹಾಗಾದರೆ ನಾಳೆ ಸ್ನಾನವಿಲ್ಲ, ಸಭೆಗೆ ತೋರಿಸಲು ಏನೂ ಇಲ್ಲ, ಗಂಜಿಮನೆಯ ಮಾತು ನನ್ನ ಕೈಯಲ್ಲಿಲ್ಲ ಎಂದು ಹೇಳಿ ಡೇರೆಗೆ ಹೋದರು.

ನಾನು ಏನು ಮಾಡಿದೆ? ಬಾವಿ ಉಳಿಸಿದೆನಾ, ಕೂಸಿನ ಬಾಯಿಂದ ಲೋಟ ಕಿತ್ತುಕೊಂಡೆನಾ? ಸೇದುವ ಸದ್ದು ಈಗಲೂ ಕೇಳುತ್ತಿದೆ. ಆ ಸದ್ದು ಹಿತವಾಗಿದೆ ಎಂದು ಬರೆಯಲೂ ಹೆದರಿಕೆ.

ಫೆಬ್ರವರಿ ೨೩, ಭಾನುವಾರ

ಟಾರ್ಪಾಲು ಮಡಚಿಟ್ಟರು. ಆರಾಧನೆಗೆ ಅರ್ಧಕ್ಕರ್ಧ ಜನ. ಪಾಸ್ಟರ್ ಉಪದೇಶ ಚಿಕ್ಕದು. ಕೆರುಬೊ ಅರುಪೆಯ ತೋಳನ್ನು ಮತ್ತೆ ಅಳೆದಳು, ಪಟ್ಟಿ ನನಗೆ ತೋರಿಸಲಿಲ್ಲ. ತೋರಿಸದಿದ್ದರೆ ಗೊತ್ತಾಗುವುದಿಲ್ಲವೇ?

ಫೆಬ್ರವರಿ ೨೪, ಸೋಮವಾರ

ನಾಳೆ ಟ್ರಕ್ಕು ಹೊರಡುತ್ತದೆ. ಇವತ್ತು ಬೆಳಿಗ್ಗೆ ಪಾಸ್ಟರ್ ಒಂದು ಕಟ್ಟು ಹೊಗೆಸೊಪ್ಪು ಹಿಡಿದು ನನ್ನ ಹತ್ತಿರ ಬಂದರು. ಎಲ್ಲಿ ಕೂರಬೇಕು ಎಂದು ಮಾತ್ರ ಕೇಳಿದರು. ತೋರಿಸಿದೆ. ಬಾವಿ ತೋಡಿದವರು ಒಬ್ಬೊಬ್ಬರಾಗಿ ಬರುವಷ್ಟರಲ್ಲಿ ಮಧ್ಯಾಹ್ನವಾಯಿತು. ಹಾಡುವ ಹುಡುಗರು ಆಕಳಿಸಿ ಎದ್ದು ಹೋದರು. ಪಾಸ್ಟರ್ ಕೂತೇ ಇದ್ದರು. ನಾನೂ ಕೂತೆ, ದೊಡ್ಡವ್ವನ ಪಕ್ಕ. ಆ ಕಡೆ ಕೂತರೆ ಬಿಸಿಲು ನೇರ ಕಣ್ಣಿಗೆ ಬೀಳುತ್ತದೆ, ಪಾಸ್ಟರ್ ಮುಖವೇ ಸರಿಯಾಗಿ ಕಾಣುತ್ತಿರಲಿಲ್ಲ. ದೊಡ್ಡವ್ವ ತನ್ನ ಭುಜ ಅಡ್ಡ ಮಾಡಿ ಸ್ವಲ್ಪ ನೆರಳು ಕೊಟ್ಟಳು.

ಅವರು ನೀರು ಕೇಳಲಿಲ್ಲ. ಗಂಜಿಮನೆಗೆ ಜಾಗ ಕೊಡುತ್ತೀರಾ, ನಾನು ಸಭೆಯವರ ಮುಂದೆ ನಿಮ್ಮ ಪರವಾಗಿ ಜಗಳ ಮಾಡುತ್ತೇನೆ, ಗೆಲ್ಲುತ್ತೇನೆ ಎಂದು ಮಾತು ಕೊಡಲಾರೆ ಎಂದರು. ಹೊಗೆಸೊಪ್ಪು ಕೈಯಿಂದ ಕೈಗೆ ಸುತ್ತಿತು. ಲೊಕೆಯುನ್ ಅದನ್ನು ಮೂಸಿ, ಕೀನ್ಯಾದವರ ಸೊಪ್ಪು ಸಪ್ಪೆ ಎಂದು ತೀರ್ಪು ಕೊಟ್ಟು ಎರಡು ಪಾಲು ಎತ್ತಿಟ್ಟುಕೊಂಡ. ಹೊತ್ತು ಇಳಿಯುತ್ತ ಬಂತು. ಕೊನೆಗೆ ದೊಡ್ಡವ್ವ ಬಾಯಿ ಬಿಟ್ಟಳು. "ಜಾಗ ಬೇಕಾದಷ್ಟಿದೆ. ಗಂಜಿ ಬೇಯಿಸೋಕೆ ನೀರು ಎಲ್ಲಿಂದ ತತ್ತಾನೆ ಕೇಳು. ನನ್ ಬಾವಿಗೆ ಬಾಯಿ ಜಾಸ್ತಿ ಆಗಿವೆ. ಮೇಲಿನ ತಿರುವಿನಲ್ಲಿ ಇನ್ನೊಂದು ತೋಡ್ಲಿ. ತೋಡ್ದೋರದೇ ಬಾವಿ. ಆಮೇಲೆ ಅದ್ರಲ್ಲಿ ಗಂಜೀನಾದ್ರೂ ಬೇಯಿಸ್ಲಿ, ಜನಾನಾದ್ರೂ ಅದ್ಲಿ, ನಂಗೇನು?"

ಏನಂದರು ಎಂದು ಪಾಸ್ಟರ್ ನನ್ನನ್ನು ಕೇಳಿದರು.

"ನಮ್ ಜೊತೆ ಇಳಿದು ತೋಡಿದ್ರೆ ನಿಮಗೂ ಬಾವಿ ಇದೆ ಅಂದ್ವಿ" ಎಂದೆ.

ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಯಾಕೆ ಎಂದು ತಿಳಿಯಲಿಲ್ಲ. ಗುದ್ದಲಿ ಎಲ್ಲಿದೆ ಎಂದು ಕೇಳಿದರು.

ಫೆಬ್ರವರಿ ೨೬, ಬುಧವಾರ

ಟ್ರಕ್ಕು ನಿನ್ನೆ ಹೊರಡಬೇಕಿತ್ತು, ಇವತ್ತು ಮಧ್ಯಾಹ್ನ ಹೊರಟಿತು. ಅಲ್ಲಿಯವರೆಗೂ ಪಾಸ್ಟರ್ ಮರಳು ಎತ್ತಿ ಹಾಕುತ್ತಿದ್ದರು. ಕಾಲಿನ ಬೊಬ್ಬೆ ಸಾಲದೆಂದು ಕೈಗೂ ಬಂದವು. ಅವರು ಹೋಗುವಾಗ ದೊಡ್ಡವ್ವ ಹಣೆಗೆ ಉಗುಳಿದಳು. ಒರೆಸಿಕೊಳ್ಳದೆ ಟ್ರಕ್ಕು ಹತ್ತಿದರು. ಸಭೆ ಏನು ಹೇಳುತ್ತದೆಂದು ಲೊಡ್ವಾರ್‌ಗೆ ಬಂದು ಈ ಕಡೆ ಹಾಯುವ ಲಾರಿಯವರ ಕೈಲಿ ಹೇಳಿ ಕಳಿಸುತ್ತಾರಂತೆ.

ಕೆರುಬೊ ಎರಡು ವಾರ ರಜೆ ಹಾಕಿ ಉಳಿದಿದ್ದಾಳೆ, ಉಳಿದ ಹಿಟ್ಟನ್ನೂ ಉಳಿಸಿಕೊಂಡಿದ್ದಾಳೆ. ಕೆಂಪು ಪಟ್ಟಿಯವರಿಗೆ ಮಾತ್ರ ಗಂಜಿ. ಹಳದಿಯವರು ಸಾಲಿನಲ್ಲಿ ನಿಂತು ನೋಡುತ್ತಾರೆ. ಅವರಿಗೆ ಏನು ಹೇಳಲಿ?

ನನ್ನ ಹಾಸಿಗೆ ಸುರುಳಿ ಟ್ರಕ್ಕಿನಲ್ಲಿತ್ತು. ಇಳಿಸಿಕೊಳ್ಳುವುದೇ ಮರೆತುಹೋಯಿತು. ಮಲಗಲು ದೊಡ್ಡವ್ವನ ಗುಡಿಸಲಲ್ಲಿ ಒಂದು ಚರ್ಮ ಸಿಕ್ಕಿದೆ.

ಮಾರ್ಚ್ ೧, ಶನಿವಾರ

ಕೈ ಸುಲಿದಿದೆ, ಜಾಸ್ತಿ ಬರೆಯಲಾರೆ. ಎರಡಾಳು ಆಳ ಹೋಗಿದ್ದೇವೆ. ಬದಿಗೆ ಮುಳ್ಳಿನ ಕೊಂಬೆ ಕೊಟ್ಟು ಮರಳು ಹಿಡಿದಿದ್ದೇವೆ. ನೀರಿಗೆ ಮುಂಚೆ ತಂಪು ಬರುತ್ತದೆ, ತಂಪಿಗೆ ಮುಂಚೆ ಮರಳಿನ ಬಣ್ಣ ತಿರುಗುತ್ತದೆ. ಇನ್ನೂ ಬಿಳಿಯೇ. ಅರುಪೆಗೆ ನಿನ್ನೆ ವಾಂತಿ, ಇವತ್ತು ಇಲ್ಲ.

ಲಾರಿ ಬಂದಿಲ್ಲ. ನಮ್ಮ ಕೆಲಸ ಅದಕ್ಕೆ ಕಾಯುವುದಿಲ್ಲ. ಆಡು ಕಾಯಲು ಇಬ್ಬರು ಹೋದ ಮೇಲೆ ನಮ್ಮಲ್ಲಿ ತಳಕ್ಕೆ ಇಳಿಯುವಷ್ಟು ಹಗುರದವರು ಕಡಿಮೆ. ಗೋಡೆ ಜಾರಿದರೆ ಮೊದಲು ಹೂಳುವುದು ತಳದವಳನ್ನು. ಲೊಕೆಯುನ್ ಹಗ್ಗವನ್ನು ಎರಡು ಸಲ ಎಳೆದು ನೋಡಿ ಗಂಟು ಹಾಕಿಟ್ಟಿದ್ದಾನೆ.

ನಾಳೆ ತಳಕ್ಕೆ ನಾನು.